ಮೂರು ಕಾಲಿನ ಮೊಲ

ಹಿಯುಮಾ ದ್ವೀಪದ ಪುರಸಭೆಯಲ್ಲಿ ಅರ್ಜಿಯ ಮೇಜು ನನ್ನದು.
ಬಾವಿ ತೋಡಲು, ಕೋಳಿಗೂಡು ಕಟ್ಟಲು, ಹಳೆ ದೋಣಿ ಸುಡಲು
ಎಲ್ಲಕ್ಕೂ ಒಂದೇ ಹಸಿರು ಕಾಗದ, ಹದಿನಾಲ್ಕು ಕಲಮು.
ಉರ್ವೆ ಕಾಸ್ಕ್ ತುಂಬಿ ತಂದಳು:
ನಿರ್ಮಾಣದ ಬಗೆ – ಮೊಲ.
ಎತ್ತರ – ಇಗರ್ಜಿಗಿಂತ ಒಂದು ಗೇಣು ಕಮ್ಮಿ, ಪಾದ್ರಿ ಮುನಿಯದಿರಲಿ.
ಉದ್ದೇಶ – ಖಾಲಿ.

ಏನು ಬರೆಯಲಿ ಇಲ್ಲಿ, ಎಂದೆ.
ನಿಮ್ಮ ಉದ್ದೇಶವೇನು, ಎಂದಳು.
ನನ್ನದೇ?
ಹೂಂ. ಮೊಲಕ್ಕೂ ಅಷ್ಟೇ ಇರಲಿ.

ಅವಳ ಕೈಗುಣ ಊರಿಗೆ ಹೊಸದಲ್ಲ.
ಬಸ್ ನಿಲ್ದಾಣವನ್ನು ಬಾಯ್ದೆರೆದ ಮೀನು ಮಾಡಿದವಳು;
ಮುದುಕರು ಈಗಲೂ ಹಲ್ಲುಗಳ ನಡುವೆ ಕೂತು
ತಡವಾದ ಬಸ್ಸನ್ನು ಬೈಯುತ್ತಾರೆ.
ನೀರಿನ ಗೋಪುರಕ್ಕೆ ಗೂಬೆಯ ಕಣ್ಣು ಬರೆದಾಗ
ಎದುರುಮನೆಯ ಹಿಲ್ಯಾ ನಿದ್ದೆಗೆಟ್ಟು ದೂರು ಕೊಟ್ಟಳು,
ಒಂದು ಕಣ್ಣು ಮುಚ್ಚಿಸಲು ಆದೇಶವಾಯಿತು.
ಅಂದಿನಿಂದ ಗೋಪುರ ಊರಿಗೆಲ್ಲ ಕಣ್ಣು ಹೊಡೆಯುತ್ತಿದೆ.

ಮೊಲ ಎದ್ದಿತು ಎಂಡೆಲನ ಹುಲ್ಲುಗಾವಲಿನಲ್ಲಿ,
ಬರ್ಚ್ ಕಂಬಗಳ ಎಲುಬು, ಕಳೆದ ವರ್ಷದ ಒಣಹುಲ್ಲಿನ ಮೈ.
ಮೂರು ಕಾಲಿಗೆ ಹುಲ್ಲು ಮುಗಿಯಿತು.
ಬೀಳುವುದಿಲ್ಲವೇ, ಎಂದು ಎಂಜಿನಿಯರ್.
ನಾಲ್ಕನೆಯದು ಆಗಲೇ ಓಡಿದೆ, ಎಂದಳು ಉರ್ವೆ,
ಉಳಿದವು ಹಿಂದಿನಿಂದ ಬರುತ್ತವೆ.
ನಮ್ಮ ಕಚೇರಿಯ ಕಡತದಲ್ಲೂ ಹಾಗೇ ದಾಖಲಾಯಿತು:
ಅವಳು ಹಿಡಿದ ಮೊಲಕ್ಕೆ, ಅಧಿಕೃತವಾಗಿ, ಮೂರೇ ಕಾಲು.

ಜೂನ್ ಬಂತು. ಇರುಳೇ ಇಲ್ಲದ ಇರುಳು.
ಯಾರೋ ಬೇಲಿಯ ಗೇಟು ಮರೆತರು.

ಎಂಡೆಲನ ಹದಿನೇಳು ಹಸುಗಳು ಕಲಾಕೃತಿಯ ಎದುರು
ಯಾವ ಗ್ಯಾಲರಿಯಲ್ಲೂ ಯಾರೂ ನಿಲ್ಲದಷ್ಟು ಹೊತ್ತು ನಿಂತವು.
ಆಮೇಲೆ ತಿಂದವು.
ಮೊದಲು ಕಾಲು. ಗುರುವಾರ ಮೊಲ ಕುಕ್ಕರಿಸಿತು.
ಶನಿವಾರ ಹೊಟ್ಟೆ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರಿಗೆ
ಕಿವಿ ಮಡಚಿ ಮಲಗಿದ ಮೊಲ ಕಂಡಿತು.
ಬೇಲಿ ಹೊಲ ಮೇಯ್ದದ್ದು ಕೇಳಿದ್ದೆವು,
ಹೊಲವೇ ಬಂದು ಮೊಲ ಮೇಯ್ದದ್ದು ಇದೇ ಮೊದಲು.

ಎಂಡೆಲ ಟೋಪಿ ತೆಗೆದು ಕ್ಷಮೆ ಕೇಳಲು ಹೋದ.
ಉರ್ವೆ ಮುಕ್ಕಾಲಿ ಹಾಕಿಕೊಂಡು ಚಿತ್ರ ಬರೆಯುತ್ತಿದ್ದಳು.
ಸ್ವಲ್ಪ ಸರಿ, ಎಂದಳು, ಆ ಕರಿ ಹಸು ಕಾಣುತ್ತಿಲ್ಲ.
ಆ ವಾರ ಶಾಲೆಯಲ್ಲಿ ಮಕ್ಕಳು ಲೋಟದ ಹಾಲನ್ನು
ಬೆಳಕಿಗೆ ಹಿಡಿದು ನೋಡಿ ನೋಡಿ ಕುಡಿದರು.
ಒಬ್ಬ ಹುಡುಗ, ತಾವೆಟ್, ಮನೆವರೆಗೂ
ಒಂದು ಕಾಲು ಎತ್ತಿಕೊಂಡೇ ಕುಪ್ಪಳಿಸಿದ.

ಫೆಬ್ರವರಿಯಲ್ಲಿ ಮತ್ತೆ ಹಸಿರು ಕಾಗದ.
ನಿರ್ಮಾಣದ ಬಗೆ – ಸೀಲ್.
ಜಾಗದ ಒಡೆಯರು – ಸಮುದ್ರ, ಸದ್ಯ ಗಟ್ಟಿಯಾಗಿದೆ.
ಬೇಕಾದ ಸಾಮಗ್ರಿ – ಸಲಿಕೆ, ನಿಮ್ಮದೂ ತನ್ನಿ.

ಹನ್ನೊಂದು ಜನ ಹೆಪ್ಪುಗಟ್ಟಿದ ಕಡಲ ಮೇಲೆ
ಹಿಮ ಗೋರಿ ಗೋರಿ ಗೆರೆ ಎಳೆದೆವು.
ಎಲ್ಲಿ ಬೆನ್ನು, ಎಲ್ಲಿ ರೆಕ್ಕೆ, ನಮಗೊಂದೂ ತಿಳಿಯದು;
ಅವಳು ದೂರದಿಂದ ಕೆಂಪು ಕೈಗವಸು ಬೀಸಿದತ್ತ ಗೋರಿದ್ದು.
ನನ್ನ ಪಾಲಿಗೆ ಎಡಗಣ್ಣು ಬಂತು.
ಮೂವತ್ತು ವರ್ಷ ಮೊಹರು ಒತ್ತಿದ ಕೈ,
ದುಂಡಗೆ ಗೋರುವುದು ಕಷ್ಟವಾಗಲಿಲ್ಲ.
ಗೋರಿ ಮುಗಿದಾಗ ಕಾಲಡಿ ಕಪ್ಪು ಗಾಜು,
ಅದರಡಿ ಏನೋ ನಿಧಾನ ಉಸಿರಾಡಿದಂತೆ ಗುಳ್ಳೆಗಳು.
ಇಡೀ ಪ್ರಾಣಿಯನ್ನು ಕಂಡದ್ದು
ಸಣ್ಣ ವಿಮಾನದ ಪೈಲಟ್ ಒಬ್ಬನೇ. ಎರಡು ಸುತ್ತು ಹೆಚ್ಚು ಹಾಕಿದ,
ಇಂಧನದ ಲೆಕ್ಕಕ್ಕೆ ಕಾರಣ ಬರೆಯಬೇಕಾಯಿತಂತೆ.

ಏಪ್ರಿಲ್ ಒಂಬತ್ತಕ್ಕೆ ಬಿರುಕಿನ ಸದ್ದು, ಊಟದ ಹೊತ್ತು.
ಚಮಚ ಕೆಳಗಿಟ್ಟು ದಡಕ್ಕೆ ಓಡಿದೆವು.
ಬಾಲ ಮೊದಲು ಬಿಟ್ಟಿತು, ಆಮೇಲೆ ಬೆನ್ನು,
ತುಂಡು ತುಂಡಾಗಿ ಪಡುವಣಕ್ಕೆ.
ನನ್ನ ಕಣ್ಣು ಎಲ್ಲಿ, ಎಂದು ಕೇಳಿದೆ, ನಾಚಿಕೆಯಿಲ್ಲದೆ.
ಅಗೋ, ಎಂದಳು; ಯಾವುದೋ ಬಿಳಿ ತುಂಡು ತೋರಿಸಿದಳು,
ಸುಳ್ಳಿರಬಹುದು. ಕೈ ಬೀಸಿದೆ.

ಹದಿನಾಲ್ಕನೆಯ ಕಲಮು: ತೆರವುಗೊಳಿಸುವ ದಿನಾಂಕ.
ಅಲ್ಲಿ ಅವಳ ದುಂಡು ಅಕ್ಷರ – ತಾನೇ ಹೋಗುತ್ತದೆ.
ಕೆಳಗೆ ನನ್ನ ಮೊಹರು,
ಸ್ವಲ್ಪ ಓರೆ, ಶಾಯಿ ಇನ್ನೂ ಹಸಿ.